ಟೈಮಿಂಗಕ್ಕ ರಿವಾಲ್ವರ್ ಕೊಂಡದ್ದು

ಬಂದೂಕಿನ ಅಂಗಡಿಯವನು ಗಾಜಿನ ಕಪಾಟಿನಿಂದ ಹಳೆಯ ರಿವಾಲ್ವರ್ ತೆಗೆದು ಇಟ್ಟದ್ದು ಗಂಡನ ಮುಂದೆ. ಲೈಸೆನ್ಸ್ ಇದ್ದದ್ದು ಹೆಂಡತಿಯ ಹೆಸರಿನಲ್ಲಿ. ಅದನ್ನು ಈಗತಾನೆ ಅವನೇ ಹಿಂದೆ ಮುಂದೆ ತಿರುಗಿಸಿ, ಫೋಟೊ ನೋಡಿ, ಮುಖ ನೋಡಿ ವಾಪಸು ಕೊಟ್ಟಿದ್ದ. ಆದರೂ ಬಾಯಿ ತೆರೆದರೆ ಬಂದದ್ದು "ಸಾರ್" ಎಂದೇ. ಗಂಡ ಪಾಪದವನು. ಮನೆಯ ಮುಂದಿನ ಕೋಣೆಯಲ್ಲಿ ಕೂತು ಪ್ಯಾಂಟಿನ ಅಂಚು ಮಡಿಸಿ ಹೊಲಿಯುವ ದರ್ಜಿ. ಕತ್ತರಿಗಿಂತ ಅಪಾಯದ ವಸ್ತುವನ್ನು ಜನ್ಮದಲ್ಲಿ ಮುಟ್ಟಿದವನಲ್ಲ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಸರಿದ ಜಾಗಕ್ಕೆ ಅವಳು ಬಂದು ನಿಂತಳು.

"ಇವರು ಜೊತೆಗೆ ಬಂದಿದ್ದಾರೆ ಅಷ್ಟೆ. ತಗೊಳ್ಳೋಳು ನಾನು," ಎಂದಳು.

ಅವಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಬಟ್ಟೆ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಟೈಮಿಂಗಕ್ಕ. ಅಲ್ಲಿಗೆ ಸೇರಿದ್ದು ಕಾಲರ್ ಹೊಲಿಯುವುದಕ್ಕೆ. ಮಷೀನು ಕೆಟ್ಟರೆ ಮೆಕ್ಯಾನಿಕ್ಕು ಚಹಾ ಮುಗಿಸಿ, ಹರಟೆ ಮುಗಿಸಿ, ತನ್ನ ಮರ್ಜಿ ಬಂದಾಗ ಬರುತ್ತಿದ್ದ. ಅಷ್ಟರೊಳಗೆ ಹಿಂದೆ ಬಿದ್ದ ಕೆಲಸಕ್ಕೆ ಬೈಗುಳ ಮಾತ್ರ ಇವಳ ಪಾಲಿಗೆ. ಒಂದು ದಿನ ತಲೆ ಕೆಟ್ಟು ಅವನ ಪೆಟ್ಟಿಗೆಯಿಂದಲೇ ಸ್ಕ್ರೂಡ್ರೈವರ್ ಎತ್ತಿಕೊಂಡು ಮಷೀನನ್ನು ಮಗುಚಿ ಬಿಚ್ಚಿದಳು. ಹೊಲಿಗೆ ಮಷೀನಿನ ಒಳಗುಟ್ಟು ದೊಡ್ಡದೇನಲ್ಲ. ಸೂಜಿ ಕೆಳಗಿಳಿದು ಇನ್ನೇನು ಮೇಲೇಳಬೇಕು ಅನ್ನುವಾಗ ದಾರ ಒಂದು ಸಣ್ಣ ಕುಣಿಕೆ ಬಿಡುತ್ತದೆ. ಆ ಗಳಿಗೆಯಲ್ಲೇ ಕೆಳಗಿನ ಕೊಕ್ಕೆ ತಿರುಗಿ ಬಂದು ಅದನ್ನು ಹಿಡಿಯಬೇಕು. ಕೂದಲೆಳೆಯಷ್ಟು ಮುಂಚೆ ಬಂದರೂ ಕೆಟ್ಟಿತು, ತಡವಾದರೂ ಕೆಟ್ಟಿತು, ಹೊಲಿಗೆ ಬಿಟ್ಟುಹೋಗುತ್ತದೆ. ಇದಕ್ಕೇ ಟೈಮಿಂಗ್ ಅನ್ನುವುದು. ಅವಳಿಗೆ ಅದು ಅಂದೇ ಒಲಿಯಿತು ಎಂದರೆ ಹಸಿ ಸುಳ್ಳು. ಅಂದು ಮಷೀನನ್ನು ಇನ್ನಷ್ಟು ಕೆಡಿಸಿ, ಸೂಪರ್‌ವೈಸರನಿಂದ ಚೆನ್ನಾಗಿ ಉಗಿಸಿಕೊಂಡು, ಮರುದಿನ ಮತ್ತೆ ಬಿಚ್ಚಿದಳು. ಬೇಡ ಎಂದವರ ಎದುರಿಗೇ ಆ ಕೆಲಸ ಮಾಡುವುದು ಅವಳ ಹುಟ್ಟುಗುಣ. ಬೈದು ಬೈದು ಸುಸ್ತಾದ ಕಾರ್ಖಾನೆಯವರು ಕೊನೆಗೆ ಅವಳನ್ನೇ ಮೆಕ್ಯಾನಿಕ್ ಮಾಡಿದರು. ಆಮೇಲೆ ಯಾವುದರ ಮುಂದೆ ನಿಂತರೂ ಕಿವಿಗೊಟ್ಟು ಕೇಳಿ "ಟೈಮಿಂಗ್ ಹೋಗಿದೆ" ಎಂದು ತೀರ್ಪು ಕೊಡುವುದು ರೂಢಿಯಾಯಿತು. ಗೋಡೆ ಗಡಿಯಾರಕ್ಕೂ ಅದೇ, ಕುಕ್ಕರಿಗೂ ಅದೇ, ಜೋಕು ಹೇಳಿ ತಾನೇ ಮೊದಲು ನಗುವ ಗಂಡನಿಗೂ ಅದೇ.

ಈಗ ಕಾರ್ಖಾನೆಗೆ ಹೊಸ ಮಷೀನುಗಳು ಬಂದಿದ್ದವು. ಕೆಟ್ಟರೆ ಮಾರಿದ ಕಂಪನಿಯವರೇ ಬಂದು ಒಳಗಿನ ಬೋರ್ಡು ಬದಲಿಸಿ ಹೋಗುತ್ತಾರೆ. ಬೇರೆ ಯಾರು ಬಿಚ್ಚಿದರೂ ಗ್ಯಾರಂಟಿ ಇಲ್ಲ. ಟೈಮಿಂಗಕ್ಕನಿಗೆ, ಹೊಲಿದು ಬಂದ ಅಂಗಿಗಳಿಂದ ದಾರದ ಚೂರು ಕತ್ತರಿಸುವ ಮೇಜಿನಲ್ಲಿ ಒಂದು ಸ್ಟೂಲು ಕೊಡುತ್ತೇವೆ ಎಂದರು. ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರನ್ನು ಮೊದಲು ಕೂರಿಸುವುದು ಅಲ್ಲೇ. ಅವಳಿಗೆ ಮೈ ಉರಿದುಹೋಯಿತು. ಆದರೆ ಮನೆ ನಡೆಯಬೇಕಲ್ಲ, ಹಲ್ಲು ಕಚ್ಚಿಕೊಂಡು ಸ್ವಲ್ಪ ಕಾಲ ಕೂತಳು, ಕೂತಲ್ಲಿಂದಲೇ ಬೇರೆ ದಾರಿ ಹುಡುಕಿದಳು.

ದಾರಿ ಸಿಕ್ಕಿದ್ದು ಕಾರ್ಖಾನೆ ಇದ್ದ ಬೀದಿಯ ಬ್ಯಾಂಕಿನ ಬಾಗಿಲಲ್ಲಿ. ಅಲ್ಲಿ ಸೊಂಟಕ್ಕೆ ರಿವಾಲ್ವರ್ ಕಟ್ಟಿ ಕಾವಲಿಗೆ ನಿಂತಿದ್ದವನನ್ನು ಜನ ಕಂಬದಣ್ಣ ಅನ್ನುತ್ತಿದ್ದರು, ನಿಂತರೆ ನಿಂತ ಹಾಗೇ ಇರುತ್ತಿದ್ದನಾದ್ದರಿಂದ. ಅವನ ಮಂಡಿ ಕೈಕೊಟ್ಟಿತ್ತು. ವರ್ಷದೊಳಗೆ ಬಿಡುತ್ತೇನೆ ಎಂದು ಅವಳಿಗೆ ಮುಂಚೆಯೇ ಕಿವಿಯಲ್ಲಿ ಹಾಕಿದ್ದ. ಆ ಜಾಗಕ್ಕೆ ಬರುವವರು ಸ್ವಂತ ಲೈಸೆನ್ಸು, ಸ್ವಂತ ಆಯುಧ ತರಬೇಕು. ಅವಳು ತರಬೇತಿಗೆ ಹೋದಳು, ಗುರಿ ಕಲಿತಳು, ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದಳು. ಹೆಂಗಸಿಗೆ ಯಾಕಮ್ಮ ಇದೆಲ್ಲ ಎಂದು ಕೇಳಿದವರಿಗೆಲ್ಲ, ಹೊಟ್ಟೆಪಾಡಿಗೆ ಎಂದು ಒಂದೇ ಉತ್ತರ ಕೊಟ್ಟಳು. ಲೈಸೆನ್ಸ್ ಬಂತು. ತಿಂಗಳು ಮುಗಿಯುವುದರೊಳಗೆ ಆಯುಧವನ್ನೂ ತಂದು, ಕಾವಲುಗಾರರನ್ನು ಒದಗಿಸುವ ಏಜೆನ್ಸಿಯವರಿಂದ ತಪಾಸಣೆ ಮಾಡಿಸಬೇಕು, ಇಲ್ಲವಾದರೆ ಬೇರೆ ಜನ ಸಾಲಿನಲ್ಲಿದ್ದಾರೆ ಎಂದು ಬ್ಯಾಂಕಿನವರು ಹೇಳಿದರು. ಹೊಸದು ಕೈಗೆಟುಕುವಂತಿರಲಿಲ್ಲ. ಹಳೆಯದನ್ನೇ ನೋಡಿ ತರಬೇಕು, ನೋಡುವುದರಲ್ಲಿ ಎಡವಿದರೆ ಮತ್ತೆ ಆ ಸ್ಟೂಲೇ ಗತಿ.

ಹೀಗಾಗಿ ಅಂಗಡಿಯಲ್ಲಿ ಅವಳು ಅವಸರ ಮಾಡಲಿಲ್ಲ. ಖಾಲಿ ಇದೆ ಎಂದು ಅಂಗಡಿಯವನು ಹೇಳಿದ. ಹೇಳಿದ್ದನ್ನು ಕೇಳಿಸಿಕೊಂಡು, ತಾನೇ ಗುಂಡಿನ ಚಕ್ರವನ್ನು ಹೊರಗೆ ತಳ್ಳಿ, ಗುಂಡು ಕೂರುವ ಒಂದೊಂದು ಕೊಳವೆಯಲ್ಲೂ ಬೆಳಕು ಹಾಯುವುದನ್ನು ನೋಡಿದಳು. ಮೂತಿ ಗೋಡೆಯ ಕಡೆಗಿತ್ತು, ಬೆರಳು ಟ್ರಿಗರಿನಿಂದ ದೂರ. ಅಂಗಡಿಯವನಿಗೆ ಇದು ತನ್ನ ಮಾತಿನ ಮೇಲೆ ಅನುಮಾನ ಪಟ್ಟ ಹಾಗೆ ಕಂಡಿತು. ಅನುಮಾನವೇ ಸರಿ. ಆಮೇಲೆ ಅವಳು ಬಟ್ಟೆ ಕೇಳಿದಳು. ರಿವಾಲ್ವರ್ ಎಣ್ಣೆಯಲ್ಲಿ ಮಿಂದು ಎದ್ದಂತಿತ್ತು. ಹಳೆಯ ಹೊಲಿಗೆ ಮಷೀನು ಮಾರುವವರು ಗ್ರೀಸು ಮೆತ್ತಿ ಸದ್ದು ಅಡಗಿಸುವುದು ಅವಳಿಗೆ ಗೊತ್ತು. ದಪ್ಪ ಎಣ್ಣೆ ಸವೆದ ಭಾಗದ ಸಂದು ತುಂಬಿ ಎಲ್ಲ ಬಿಗಿಯಾಗಿದೆ ಎಂಬ ಭ್ರಮೆ ಕೊಡುತ್ತದೆ. ಒರೆಸಿದಳು. ಒರೆಸಿದ ಮೇಲೆ ಸ್ಕ್ರೂಗಳ ತಲೆ ನೋಡಿದಳು. ಗೀರು ಸವೆದು ಹಳ್ಳ ಬಿದ್ದಿದ್ದರೆ ಯಾರೋ ಅಡ್ಡಕಸುಬಿ ಒಳಗೆ ಕೈಯಾಡಿಸಿದ್ದಾನೆ ಎಂದೇ ಅರ್ಥ. ಇದರಲ್ಲಿ ತಲೆಗಳು ನೆಟ್ಟಗಿದ್ದವು. ನಳಿಗೆಯ ಹಿಂದೆ ಬಿಳಿ ಕಾಗದ ಹಿಡಿದು ಒಳಗೆ ಇಣುಕಿದಳು: ಗೆರೆಗಳು ಚೂಪಾಗಿದ್ದವು, ತುಕ್ಕಿನ ಗುಳಿ ಇರಲಿಲ್ಲ, ನಡುವೆ ಎಲ್ಲೂ ಉಬ್ಬಿ ಉಂಗುರದಂಥ ನೆರಳು ಕಾಣಲಿಲ್ಲ. ಮೈಮೇಲಿನ ನಂಬರನ್ನು ಕಾಗದದ ನಂಬರಿನ ಜೊತೆ ತಾಳೆ ನೋಡಿದಳು. ಹಿಡಿಯ ಮರದ ಚಕ್ಕೆ ಬಿಚ್ಚಿಸಿ, ಬೆವರು ಇಳಿದು ತುಕ್ಕು ಹಿಡಿಯುವ ಅಡಿಭಾಗವನ್ನೂ ನೋಡಿದಳು. ಸೊಸೆ ನೋಡೋಕೆ ಬಂದ ಹಾಗಿದೆ ಎಂದು ಗಂಡ ಮೆಲ್ಲಗೆ ಗೊಣಗಿ ತಾನೇ ನಕ್ಕ.

ಎಲ್ಲ ಸರಿ ಬಂದ ಮೇಲೆ, ಚಕ್ರವನ್ನು ಒಳಗೆ ಕೂರಿಸಿ, ಎರಡು ಬೆರಳಲ್ಲಿ ಹಿಡಿದು ಅಲುಗಿಸಿದಳು. ಅದು ಸ್ವಲ್ಪ ಆಡಿತು. ಅವಳ ಮುಖ ಬಿಗಿಯಿತು. ಹೊಲಿಗೆ ಮಷೀನಿನಲ್ಲಿ ಆಡುವ ಭಾಗ ಎಂದರೆ ಸತ್ತ ಭಾಗ. "ಆಡ್ತಿದೆ. ಟೈಮಿಂಗ್ ಹೋಗಿದೆ," ಎಂದು ಕೆಳಗಿಟ್ಟಳು.

ಅಂಗಡಿಯವನು ನಕ್ಕ. ನಕ್ಕದ್ದಕ್ಕೆ ಅವಳು ಬೇಸರ ಪಡುತ್ತಿರಲಿಲ್ಲ. ಆದರೆ ಅವನು ಅವಳನ್ನು ದಾಟಿ ಗಂಡನ ಮುಖ ನೋಡಿ, "ಸಾರ್, ಟ್ರಿಗರ್ ಒತ್ತಿ ಹಿಡಿದು ನೋಡಬೇಕು ಅಂತ ಮೇಡಮ್ಮಿಗೆ ಹೇಳಿ," ಎಂದ. ಕೈಯಳತೆಯಲ್ಲಿ ನಿಂತವಳಿಗೆ ಹೇಳಬೇಕಾದ ಮಾತು ಗಂಡನ ಕಿವಿ ಸುತ್ತಿಕೊಂಡು ಬಂತು. ಅವಳು ಒತ್ತಿ ನೋಡಲಿಲ್ಲ. ಚೀಲ ಹೆಗಲಿಗೆ ಹಾಕಿ ಮೆಟ್ಟಿಲಿಳಿದಳು. ಗಂಡ ಅಂಗಡಿಯವನಿಗೆ ಒಂದು ಪೆಚ್ಚು ನಗೆ ಕೊಟ್ಟು ಹಿಂದೆಯೇ ಓಡಿಬಂದ.

ಸಿಟ್ಟು ಇಳಿದದ್ದು ಮರುದಿನ, ದಾರದ ಚೂರು ಕತ್ತರಿಸುವಾಗ. ಕೊಕ್ಕೆ ಸರಿ ಇದೆಯೋ ಇಲ್ಲವೋ ಎಂದು ನೋಡಬೇಕಾದರೆ ಮೊದಲು ಸೂಜಿಯನ್ನು ಕೆಳಗಿಳಿಸಬೇಕು. ನಿಂತ ಮಷೀನನ್ನು ಸುಮ್ಮನೆ ಅಲುಗಿಸಿ ದೂರು ಹೇಳುವ ಹುಡುಗಿಯರನ್ನು ತಾನೇ ಎಷ್ಟು ಬೈದಿಲ್ಲ. ರಿವಾಲ್ವರೂ ಹಾಗೇ ಇರಬೇಕು. ಸುಮ್ಮನಿದ್ದಾಗ ಚಕ್ರ ತುಸು ಆಡಿದರೆ ಆಡಲಿ. ಹಿಂದಿನ ಸುತ್ತಿಗೆ, ಅಂದರೆ ಹ್ಯಾಮರ್, ಬಿದ್ದ ಗಳಿಗೆಯಲ್ಲಿ, ಟ್ರಿಗರ್ ಹಿಂದಕ್ಕೆ ಒತ್ತಿಯೇ ಇರುವಾಗ, ಕೊಳವೆ ನಳಿಗೆಗೆ ನೇರವಾಗಿ ಬಂದು ಅಲುಗದೆ ನಿಲ್ಲಬೇಕು. ನಿಲ್ಲದಿದ್ದರೆ ಗುಂಡು ನಳಿಗೆಯ ಅಂಚಿಗೆ ಸವರಿಕೊಂಡು ಸೀಸದ ಚೂರು ಪಕ್ಕಕ್ಕೆ ಚಿಮ್ಮುತ್ತದೆ. ಅವಳು ಸಂಜೆ ಒಬ್ಬಳೇ ಅಂಗಡಿಗೆ ಹೋದಳು. ರಿವಾಲ್ವರ್ ಮಾರಾಟವಾಗಿಹೋಗಿತ್ತು. ಮನೆಗೆ ಬಂದು ಗಂಡನಿಗೆ ನೇರವಾಗಿಯೇ ಹೇಳಿದಳು, "ತಪ್ಪು ನಂದೇ ರೀ. ಆದರೆ ಅವನು ನಿಮ್ಮ ಮುಖ ನೋಡ್ಕೊಂಡು ಮಾತಾಡಿದ್ದು ನನ್ನ ತಪ್ಪಲ್ಲ." ಗಂಡ ಈ ಸಲ ಜೋಕು ಮಾಡಲಿಲ್ಲ. ತಿಂಗಳು ಕರಗುತ್ತಿದೆ, ಕಂಬದಣ್ಣನನ್ನೇ ಒಂದು ಮಾತು ಕೇಳಬಾರದೇ ಎಂದ. ಕೆಲಸ ಬಿಟ್ಟ ಮೇಲೆ ಅವನಿಗೆ ತನ್ನ ರಿವಾಲ್ವರ್ ಯಾಕೆ?

ಕಂಬದಣ್ಣನದು ಮಹಡಿ ಮೆಟ್ಟಿಲ ಕೆಳಗಿನ ಒಂಟಿ ಕೋಣೆ. ಮಂಚ, ಗೋಡೆಗೆ ಒರಗಿಸಿದ ಊರುಗೋಲು, ಮೊಳೆಗೆ ಇಸ್ತ್ರಿ ಮಾಡಿ ನೇತುಹಾಕಿದ ಯೂನಿಫಾರಂ. ಅವಳು ಕೇಳಿದ ಮೇಲೆ ಅವನು ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯಿಂದ ರಿವಾಲ್ವರ್ ತೆಗೆದು, ಚಕ್ರ ತೆರೆದು ತೋರಿಸಿ, ಟವೆಲಿನ ಮೇಲೆ ಇಟ್ಟು, ಮಂಚದ ಅಂಚಿನಲ್ಲಿ ಕೂತ. ನೋಡು ಎಂದಷ್ಟೇ ಹೇಳಿದ.

ಅವಳು ನೋಡಿದಳು. ನೋಡುತ್ತ ಹೋದ ಹಾಗೆ ಎದೆಯೊಳಗೆ ಖುಷಿ ಏರತೊಡಗಿತು. ಎಣ್ಣೆ ಬೇಕಾದಷ್ಟೇ ಇತ್ತು. ಸ್ಕ್ರೂ ತಲೆಗಳು ಅಚ್ಚುಕಟ್ಟು, ನಳಿಗೆ ಒಳಗೆ ಫಳಫಳ. ಈ ಸಲ ಟ್ರಿಗರ್ ಒತ್ತಿ ಹಿಡಿದು ಚಕ್ರವನ್ನು ಅಲುಗಿಸಿದಳು; ಒಂದೊಂದು ಕೊಳವೆಗೂ ಹಾಗೇ ಮಾಡಿದಳು. ಎಲ್ಲೂ ಮಿಸುಕಲಿಲ್ಲ. ಇಂಥ ಟೈಮಿಂಗನ್ನು ಅವಳು ಹೊಸ ಮಷೀನಿನಲ್ಲೂ ಕಂಡಿರಲಿಲ್ಲ. ಆಯಿತು, ಕೆಲಸ ಸಿಕ್ಕಿತು ಎಂದು ಮನಸ್ಸು ಆಗಲೇ ಬ್ಯಾಂಕಿನ ಬಾಗಿಲಿಗೆ ಓಡಿತು.

ಉಳಿದದ್ದು ಒಂದೇ ಪರೀಕ್ಷೆ, ತರಬೇತಿಯಲ್ಲಿ ಕಲಿತದ್ದು. ಖಾಲಿ ಇದೆಯೆಂದು ಮತ್ತೊಮ್ಮೆ ನೋಡಿ, ಮೂತಿಯನ್ನು ಮೇಲಕ್ಕೆ ಮಾಡಿ, ಹಿಂದೆ ರಬ್ಬರ್ ಇರುವ ಪೆನ್ಸಿಲನ್ನು ರಬ್ಬರ್ ಕೆಳಗಾಗಿ ನಳಿಗೆಯೊಳಗೆ ಇಳಿಬಿಟ್ಟಳು. ಟ್ರಿಗರ್ ಒತ್ತಿದರೆ ಹ್ಯಾಮರಿನ ಮೊಳೆ ರಬ್ಬರಿಗೆ ಬಡಿದು ಪೆನ್ಸಿಲು ಮೇಲಕ್ಕೆ ನೆಗೆಯಬೇಕು. ಗುಂಡಿನ ಬುಡಕ್ಕೆ ಬಡಿದು ಅದನ್ನು ಹಾರಿಸುವುದೂ ಆ ಮೊಳೆಯೇ. ಒತ್ತಿದಳು. ಟಕ್ ಎಂದಿತು. ಪೆನ್ಸಿಲು ಕೂತಲ್ಲೇ ಕೂತಿತ್ತು. ಇನ್ನೊಮ್ಮೆ ಒತ್ತಿದಳು.

"ಏಳಲ್ಲ ಬಿಡು ತಂಗಿ," ಎಂದ ಕಂಬದಣ್ಣ.

ಅವಳು ಹ್ಯಾಮರನ್ನು ಹಿಂದಕ್ಕೆಳೆದು ಮೊಳೆಯನ್ನು ಬೆಳಕಿಗೆ ಹಿಡಿದಳು. ತುದಿ ಮುರಿದಿರಲಿಲ್ಲ, ಸವೆದಿರಲೂ ಇಲ್ಲ. ಅರದಿಂದ ನೀಟಾಗಿ, ಚಪ್ಪಟೆಯಾಗಿ ಉಜ್ಜಿ ಗಿಡ್ಡ ಮಾಡಿತ್ತು. ಅರದ ಗೆರೆಗಳು ಒಂದೇ ದಿಕ್ಕಿನಲ್ಲಿದ್ದವು. ಇದು ಯಾರೋ ಕೂತು, ಮನಸ್ಸಿಟ್ಟು ಮಾಡಿದ ಕೆಲಸ.

ಕಂಬದಣ್ಣ ತಾನೇ ಹೇಳಿದ. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬ್ಯಾಂಕು ಮುಳುಗುತ್ತದೆ ಎಂದು ಗಾಳಿಮಾತು ಹಬ್ಬಿ, ದುಡ್ಡಿಟ್ಟ ಜನ ಬಾಗಿಲಿಗೆ ಮುಗಿಬಿದ್ದಿದ್ದರು. ಒಳಗಿಂದ ಆಗಿನ ಮ್ಯಾನೇಜರ್ ಹೊಡಿ, ಹೊಡಿ ಎಂದು ಕೂಗಿದ. ಇವನ ಕೈ ತನ್ನಷ್ಟಕ್ಕೆ ಎದ್ದಿತು. ನಳಿಗೆಯ ಎದುರಿಗೆ ಇದ್ದವಳು ಬಸುರಿ ಹೆಂಗಸು, ಪಾಸ್‌ಬುಕ್ಕನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಇವನು ಹೊಡೆಯಲಿಲ್ಲ. ಆದರೆ ಬೆರಳು ಎಷ್ಟು ದೂರ ಹೋಗಿತ್ತು ಎನ್ನುವುದು ಬೆರಳಿಗೆ ಗೊತ್ತು. ಆ ವಾರವೇ ಅರ ತಂದು ಉಜ್ಜಿದ. ಅಂದಿನಿಂದ ಎಷ್ಟು ಮ್ಯಾನೇಜರುಗಳು ಬಂದರು, ಹೋದರು. ವರ್ಷಕ್ಕೊಮ್ಮೆ ತಪಾಸಣೆಗೆ ಬರುವವರು ನಂಬರ್ ನೋಡಿ, ನಳಿಗೆಯ ಹೊಳಪು ನೋಡಿ, ಭೇಷ್ ಎಂದು ಹೋಗುತ್ತಿದ್ದರು. ಅವನು ಬೀದಿಗೆಲ್ಲ ಕಾಣುವ ಹಾಗೆ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಕಂಬದ ಹಾಗೆ ನಿಂತ. ಹೇಳುವಾಗ ಅವನ ದನಿಯಲ್ಲಿ ಅಳುಕು ಇರಲಿಲ್ಲ, ಗತ್ತು ಇತ್ತು.

"ಯಾರು ಬೇಕಾದರೂ ಹೊಡಿ ಅಂತ ಕೂಗಲಿ. ಈ ಬಾಗಿಲಲ್ಲಿ ಹೊಡೆಯೋದು ಅನ್ನೋದೇ ಇಲ್ಲ ಅಂತ ನಾನು ತೀರ್ಮಾನ ಮಾಡಿಬಿಟ್ಟೆ," ಎಂದ. "ನಿನಗೆ ಕೊಡ್ತೀನಿ. ಆದರೆ ಮೊಳೆ ಹೀಗೇ ಇರಬೇಕು."

ಗಂಡನಾಗಿದ್ದರೆ ಅಲ್ಲಿಯೇ ಕಣ್ಣೊರೆಸಿಕೊಳ್ಳುತ್ತಿದ್ದ. ಅವಳು ಹ್ಯಾಮರನ್ನು ಮೆಲ್ಲಗೆ ಇಳಿಸಿದಳು. ಹೀಗೇ ಕೊಂಡರೆ, ಹೊಸಬರ ಆಯುಧವನ್ನು ಏಜೆನ್ಸಿಯವರು ಹಾರಿಸಿಯೇ ನೋಡುತ್ತಾರೆ, ಹಾರುವುದಿಲ್ಲ, ಕೆಲಸ ಇಲ್ಲ. ಮೊಳೆ ಹಾಕಿಸುತ್ತೇನೆ ಎಂದರೆ ಇವನು ಕೊಡುವುದಿಲ್ಲ, ಆಗಲೂ ಕೆಲಸ ಇಲ್ಲ. ಆಯಿತು ಎಂದು ಇಲ್ಲಿ ತಲೆಯಾಡಿಸಿ, ಹೊರಗೆ ಹೋಗಿ ಹಾಕಿಸಿಕೊಂಡರೆ ಇವನಿಗೆ ತಿಳಿಯುವುದೂ ಇಲ್ಲ. ಆ ದಾರಿ ಸುಲಭದ್ದು. ಅವಳು ಅದರ ಹತ್ತಿರವೂ ಸುಳಿಯಲಿಲ್ಲ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಅಣ್ಣ," ಎಂದಳು. "ನಿಮ್ಮನ್ನ ನಂಬ್ಕೊಂಡು ಒಳಗೆ ಕೂತಿದ್ದವರಿಗೆ ನೀವು ಇದನ್ನ ಹೇಳಿರಲಿಲ್ಲ. ನಿಜವಾದ ಕಳ್ಳ ಬಂದಿದ್ದರೆ ಏನಾಗ್ತಿತ್ತು?"

ಬರಲಿಲ್ಲವಲ್ಲ ಎಂದ ಅವನು.

"ಬರಲಿಲ್ಲ, ಅದು ಅದೃಷ್ಟ. ಮ್ಯಾನೇಜರಿಗೆ ನೀವು ಹೊಡೆಯಲ್ಲ ಅಂತ ಒಂದು ದಿನವೂ ಹೇಳಲಿಲ್ಲ. ಮೊಳೆ ಹೇಳ್ತು, ಅದೂ ಯಾರಿಗೂ ಕೇಳಿಸದ ಹಾಗೆ. ಹಾರದ ಪಿಸ್ತೂಲು ಇಟ್ಕೊಂಡು ಹೊಡೆಯಲ್ಲ ಅನ್ನೋದರಲ್ಲಿ ಏನಿದೆ? ಹಾರೋದನ್ನ ಕೈಲಿಟ್ಕೊಂಡು ಅನ್ನಬೇಕು. ನಾನು ಮೊಳೆ ಹಾಕಿಸ್ತೀನಿ. ಹಾಕಿಸ್ತೀನಿ ಅಂತ ನಿಮಗೆ ಹೇಳೇ ಹಾಕಿಸ್ತೀನಿ. ಕೊಡೋದು ಬಿಡೋದು ನಿಮ್ಮಿಷ್ಟ."

ಕಂಬದಣ್ಣನ ಮುಖ ಕೆಂಪಾಗಿತ್ತು. ಜೀವಮಾನವೆಲ್ಲ ಎದೆಯುಬ್ಬಿಸಿಕೊಂಡು ನಿಂತ ಸಂಗತಿಗೆ ನಿನ್ನೆ ಮೊನ್ನೆ ಬಂದವಳು ಕೊಕ್ಕೆ ಹಾಕಿದ್ದಳು. ಅವನು ರಿವಾಲ್ವರನ್ನು ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ ಬೀಗ ಜಡಿದ. ಅವಳು ಎದ್ದು ಚಪ್ಪಲಿ ಮೆಟ್ಟಿದಳು. ಕಣ್ಣಲ್ಲಿ ನೀರು ತುಂಬಿತು, ಅದು ಸಿಟ್ಟಿನ ನೀರು ಎಂದು ತನಗೆ ತಾನೇ ಹೇಳಿಕೊಂಡಳು. ಬೀದಿಯ ತಿರುವಿನವರೆಗೆ ಹೋಗಿರಬಹುದು, ಹಿಂದಿನಿಂದ ಊರುಗೋಲಿನ ಸದ್ದು ಕೇಳಿಸಿತು. ಅವನು ಏದುಸಿರು ಬಿಡುತ್ತ ಬಂದು, ನಾಳೆ ಅಂಗಡಿಗೆ ತರುತ್ತೇನೆ, ಲೈಸೆನ್ಸ್ ತೆಗೆದುಕೊಂಡು ಬಾ, ಬರೆಸಿ ಕೊಡುತ್ತೇನೆ ಎಂದ. ಅಷ್ಟು ಹೇಳಿ, ಅವಳ ಮುಖ ನೋಡದೆ ತಿರುಗಿ ಹೋದ.

ಮೊಳೆ ಹಾಕಬೇಕಾದವನು ಅದೇ ಅಂಗಡಿಯವನು. ಊರಿಗೆಲ್ಲ ಲೈಸೆನ್ಸ್ ಇರುವ ರಿಪೇರಿ ಅವನೊಬ್ಬನದೇ. ಗಿಡ್ಡ ಮೊಳೆ ನೋಡಿ ಇದ್ಯಾವ ಪುಣ್ಯಾತ್ಮನ ಕೆಲಸ ಎಂದು ಕೇಳಿದ. ಕಂಬದಣ್ಣ ಬಾಯಿ ತೆರೆಯುವ ಮೊದಲೇ ಟೈಮಿಂಗಕ್ಕ, ಅದು ನಿಮಗೆ ಬೇಡದ ವಿಷಯ ಎಂದಳು. ಅಂಗಡಿಯವನು ಹ್ಯಾಮರ್ ಬಿಚ್ಚಿ, ಹೊಸ ಮೊಳೆ ಕೂರಿಸಿ, ಈ ಸಲ ಅವಳ ಮುಖ ನೋಡಿಯೇ, ಪರೀಕ್ಷೆ ಮಾಡ್ಕೊಳ್ಳಿ ಎಂದು ಕೊಟ್ಟ. ಪೆನ್ಸಿಲು ನೆಗೆದು ಕೌಂಟರಿನ ಆಚೆ ಬಿತ್ತು. ಕಂಬದಣ್ಣ ಅತ್ತ ತಿರುಗಿಕೊಂಡು ನಿಂತಿದ್ದ. ಮರುವಾರ ಏಜೆನ್ಸಿಯವರು ಮೈದಾನದಲ್ಲಿ ಹಾರಿಸಿ ನೋಡಿ ಒಪ್ಪಿಕೊಂಡರು. ಏಜೆನ್ಸಿ ಕೊಟ್ಟ ಯೂನಿಫಾರಮ್ಮನ್ನು ಗಂಡ ಅವಳ ಅಳತೆಗೆ ತಕ್ಕ ಹಾಗೆ ಬಿಚ್ಚಿ ಹೊಲಿದುಕೊಟ್ಟ, ತಿರುಗಿ ನಿಲ್ಲು, ಕೈ ಎತ್ತು ಎಂದು ಸತಾಯಿಸಿದ.

ಕೆಲಸದ ಮೊದಲ ದಿನ, ಬಾಗಿಲು ತೆರೆಯುವ ಮುಂಚೆ, ಮ್ಯಾನೇಜರ್ ಅವಳನ್ನು ಒಳಗೆ ಕರೆದ. ಇವನು ಹೊಸಬ, ಒಳ್ಳೆಯ ಮಾತಿನವನು. ಕೂರಿಸಿ ನೀರು ಕೊಡಿಸಿದ. ಯಾವ ಗೇಟು ಯಾವಾಗ ಹಾಕಬೇಕು, ದುಡ್ಡಿನ ವ್ಯಾನು ಬಂದಾಗ ಎಲ್ಲಿ ನಿಲ್ಲಬೇಕು, ಎಲ್ಲ ಹೇಳಿದ. ಜನ ಸೇರಿ ಗಲಾಟೆಗಿಲಾಟೆ ಆದರೆ ಗಾಬರಿಯಾಗಬೇಡಿ, ಯೋಚನೆ ಮಾಡುವ ಕೆಲಸ ನನಗೆ ಬಿಡಿ, ನಾನು ಹೊಡಿ ಅಂದ ತಕ್ಷಣ ಹೊಡೆದರೆ ಸಾಕು ಎಂದೂ ಹೇಳಿದ. ಅವನಿಗೆ ಅದು ಗೇಟಿನ ವಿಷಯದಂಥದ್ದೇ ಇನ್ನೊಂದು ವಿಷಯ.

ಟೈಮಿಂಗಕ್ಕ ಆಯ್ತು ಸಾರ್ ಎಂದು ಎದ್ದು ಹೋಗಬಹುದಿತ್ತು. ಅಂಥ ದಿನ ಬರುತ್ತದೆಯೋ ಇಲ್ಲವೋ ಯಾರು ಕಂಡಿದ್ದಾರೆ. ಗಂಡ ಮನೆಯಲ್ಲಿ ಸಂಬಳದ ಲೆಕ್ಕ ಹಾಕಿಕೊಂಡು ಕೂತಿದ್ದ. ಅವಳು ಎದ್ದು ನಿಂತಳು.

"ಯಾರದಾದರೂ ಜೀವಕ್ಕೆ ಯಾರಾದರೂ ಕೈ ಹಾಕಿದರೆ ನೀವು ಹೇಳೋ ತನಕ ನಾನು ಕಾಯಲ್ಲ ಸಾರ್. ತಮ್ಮ ದುಡ್ಡು ಕೇಳೋಕೆ ಬಂದವರ ಮೇಲೆ ನೀವು ಹೇಳಿದರೂ ಹೊಡೆಯಲ್ಲ. ಮೊದಲೇ ಹೇಳಿಬಿಟ್ಟಿದ್ದೀನಿ."

ಮ್ಯಾನೇಜರ್ ಪೆನ್ನು ಕೆಳಗಿಟ್ಟ. ಹಾಗಾದರೆ ಈ ಕೆಲಸಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದ.

"ನೋಡಿ ಸಾರ್. ಅವರು ಬರೋ ತನಕ ಬಾಗಿಲಲ್ಲಿ ನಾನಿರ್ತೀನಿ," ಎಂದು ಅವಳು ಹೊರಗೆ ಹೋಗಿ ಅಗುಳಿ ತೆಗೆದಳು.